ಒಂದು ಸುತ್ತಿಗೆ 88 ಇಂಚು

ವಾರವಿಡೀ ಕಾಲಿಡಲು ಜಾಗವಿಲ್ಲದ ಮುಂಬಯಿಯ ಫೋರ್ಟ್ ರವಿವಾರ ಬೆಳಿಗ್ಗೆ ಮಕ್ಕಳ ಕೈಗೆ ಸಿಗುತ್ತದೆ. ಅಂದು ಬ್ಯಾಂಕಿಲ್ಲ, ಶೇರುಪೇಟೆಯಿಲ್ಲ, ಕೋರ್ಟಿಲ್ಲ. ಬಲ್ಲಾರ್ಡ್ ಎಸ್ಟೇಟಿನ ಅಗಲವಾದ ರಸ್ತೆಗಳಲ್ಲಿ ಕ್ರಿಕೆಟ್ ಆಡುವವರು ಒಂದು ಕಡೆ, ಸೈಕಲ್ ಕಲಿಯುವವರು ಇನ್ನೊಂದು ಕಡೆ. ಸೀಟಿನ ಹಿಂಬದಿ ಹಿಡಿದುಕೊಂಡು ಏದುಸಿರು ಬಿಡುತ್ತಾ ಓಡುವ ಅಪ್ಪಂದಿರ ಬಾಯಲ್ಲಿ ಇರುವುದು ಒಂದೇ ಮಾತು: ಮುಂದೆ ನೋಡು, ತುಳಿ, ತುಳಿ. ಅದೇ ಅಪ್ಪ ಸಂಜೆ ಮನೆಯಲ್ಲಿ ಗಣಿತದ ಪುಸ್ತಕ ಬಿಡಿಸಿಕೊಂಡು ಅದೇ ಮಗುವಿನ ಜೊತೆ ಜಗಳಕ್ಕೆ ಕೂರುತ್ತಾನೆ. ಬೆಳಗಿನ ಸೈಕಲಿಗೂ ಸಂಜೆಯ ಲೆಕ್ಕಕ್ಕೂ ನಂಟಿದೆ ಎಂದು ಇಬ್ಬರಿಗೂ ಹೊಳೆದಿರುವುದಿಲ್ಲ.

ಹಾಲಿನವರು, ಪಾವ್ ಮಾರುವವರು, ಡಬ್ಬಾವಾಲಾಗಳು ತುಳಿಯುವ ಕಪ್ಪು ಸೈಕಲನ್ನೇ ನೋಡಿ. ಅದರ ಟೈರಿನ ಮೇಲೆ 28 ಎಂಬ ಅಂಕಿ ಅಚ್ಚಾಗಿರುತ್ತದೆ. ಗಾಲಿಯ ಅಡ್ಡಳತೆ ಸುಮಾರು 28 ಇಂಚು ಎಂದರ್ಥ. ಶಾಲೆಯಲ್ಲಿ ಕಲಿತ 22/7ರಿಂದ ಅದನ್ನು ಗುಣಿಸಿ. 28ಕ್ಕೆ 7 ಸಲೀಸಾಗಿ ಭಾಗ ಹೋಗುತ್ತದೆ, ನಾಲ್ಕು ಸಲ. ನಾಲ್ಕು ಇಪ್ಪತ್ತೆರಡಲೆ ಎಂಬತ್ತೆಂಟು. ಗಾಲಿ ಒಂದು ಸುತ್ತು ಉರುಳಿದರೆ ಸೈಕಲ್ 88 ಇಂಚು ಮುಂದಕ್ಕೆ ಹೋಗುತ್ತದೆ, ಅಂದರೆ ಏಳು ಅಡಿ ನಾಲ್ಕು ಇಂಚು. ಪರಿಧಿ ಎಂದರೆ ಮುಖ ಸಿಂಡರಿಸುವ ಮಗುವಿಗೂ ಇಷ್ಟು ಅರ್ಥವಾಗುತ್ತದೆ, ಏಕೆಂದರೆ ಆ ಪರಿಧಿ ಈಗ ರಸ್ತೆಯ ಮೇಲೆ ಉದ್ದಕ್ಕೆ ಬಿದ್ದುಕೊಂಡಿದೆ.

ಆದರೆ ಉತ್ತರವನ್ನು ನಾವೇ ಮೊದಲು ಹೇಳಿಬಿಡಬಾರದು. ಮಾಡಬೇಕಾದ್ದು ಇಷ್ಟು. ಗಾಳಿ ತುಂಬುವ ವಾಲ್ವ್ ನೆಲದ ಕಡೆಗೆ ಬರುವಂತೆ ಗಾಲಿಯನ್ನು ನಿಲ್ಲಿಸಿ, ಅದರ ನೇರಕ್ಕೆ ರಸ್ತೆಯ ಮೇಲೆ ಚಾಕ್‌ಪೀಸಿನಿಂದ ಒಂದು ಗೆರೆ ಎಳೆಯುವುದು. ಒಂದು ಸುತ್ತು ಉರುಳಿದರೆ ಸೈಕಲ್ ಎಲ್ಲಿಗೆ ಮುಟ್ಟಬಹುದು ಎಂದು ಮಗು ಊಹಿಸಿ ಅಲ್ಲೊಂದು ಗೆರೆ ಎಳೆಯಲಿ. ಹೆಚ್ಚಿನ ಮಕ್ಕಳು ತೀರಾ ಹತ್ತಿರ ಎಳೆಯುತ್ತಾರೆ. ಎತ್ತರದ ಮೂರು ಪಟ್ಟಿಗಿಂತ ಸುತ್ತಳತೆ ಹೆಚ್ಚು ಎಂದು ಕಣ್ಣು ಒಪ್ಪುವುದಿಲ್ಲ. ಆಮೇಲೆ ಸೈಕಲನ್ನು ಮೆಲ್ಲಗೆ ತಳ್ಳುತ್ತಾ ಹೋಗಿ, ವಾಲ್ವ್ ಮತ್ತೆ ಕೆಳಗೆ ಬಂದಲ್ಲಿ ನಿಲ್ಲಿಸುವುದು. ಮೂರನೇ ಗೆರೆ. ಟೇಪು ಹಿಡಿದು ಅಳೆಯುವುದು.

ಇಲ್ಲೊಂದು ಸ್ವಾರಸ್ಯವಿದೆ. ಟೇಪಿನಲ್ಲಿ ಯಾವಾಗಲೂ ಸರಿಯಾಗಿ 88 ಬರುವುದಿಲ್ಲ. ಖಾಲಿ ಸೈಕಲ್ ತಳ್ಳಿದಾಗ ಒಂದು ಅಳತೆ, ಅಪ್ಪ ಹತ್ತಿ ಕುಳಿತಾಗ ತುಸು ಕಡಿಮೆ. ಭಾರ ಬಿದ್ದಾಗ ಟೈರು ಕೆಳಗೆ ಚಪ್ಪಟೆಯಾಗುತ್ತದೆ, ಗಾಳಿ ಕಡಿಮೆಯಿದ್ದರೆ ಇನ್ನಷ್ಟು. ಪುಸ್ತಕದ ಉತ್ತರ ತಪ್ಪೇ ಹಾಗಾದರೆ ಎಂದು ಮಗು ಕೇಳುತ್ತದೆ. ಆ ಪ್ರಶ್ನೆ ಬಂತೆಂದರೆ ಅಂದಿನ ಪಾಠ ಗೆದ್ದಂತೆ. ಲೆಕ್ಕದ ಉತ್ತರಕ್ಕೂ ಅಳತೆಯ ಉತ್ತರಕ್ಕೂ ನಡುವೆ ಒಂದಿಷ್ಟು ಅಂತರ ಇರುತ್ತದೆ, ಆ ಅಂತರಕ್ಕೂ ಕಾರಣ ಇರುತ್ತದೆ ಎಂಬುದನ್ನು ಹತ್ತನೇ ತರಗತಿ ಮುಗಿಸಿದ ಎಷ್ಟೋ ಮಂದಿಗೆ ಯಾರೂ ತೋರಿಸಿಕೊಟ್ಟಿಲ್ಲ.

ಫೋರ್ಟಿನಲ್ಲಿ ಈ ಲೆಕ್ಕವನ್ನು ಮುಂದುವರಿಸಲು ಇನ್ನೆಲ್ಲೂ ಸಿಗದ ಒಂದು ಅನುಕೂಲವಿದೆ. ಹಾರ್ನಿಮನ್ ಸರ್ಕಲ್ ಪಕ್ಕದ ಸೇಂಟ್ ಥಾಮಸ್ ಕೆಥೆಡ್ರಲ್ ಪ್ರಾರ್ಥನೆಗೆ ತೆರೆದದ್ದು 1718ರಲ್ಲಿ. ಚರ್ಚ್‌ಗೇಟ್ ಸ್ಟೇಷನ್ನಿನ ಹೆಸರಿನಲ್ಲಿರುವ ಚರ್ಚ್ ಇದೇ. ಆ ಹೆಸರಿನ ಗೇಟ್, ಅಂದರೆ ಕೋಟೆಯ ಬಾಗಿಲು, 1860ರ ದಶಕದಲ್ಲಿ ಗೋಡೆಗಳ ಜೊತೆಗೇ ಹೋಯಿತು, ಹೆಸರು ಉಳಿಯಿತು. ಬ್ರಿಟಿಷರು ಊರಿನ ದೂರಗಳನ್ನು ಅಳೆದದ್ದು ಈ ಚರ್ಚಿನಿಂದ. ಇಲ್ಲಿ ಸೊನ್ನೆ. ಉತ್ತರಕ್ಕೆ ಹೊರಟ ರಸ್ತೆಗಳಲ್ಲಿ ಮೈಲಿಗೊಂದರಂತೆ ಕಪ್ಪು ಕಲ್ಲು ನೆಟ್ಟು, ಸೇಂಟ್ ಥಾಮಸ್ ಚರ್ಚಿನಿಂದ ಎಷ್ಟು ಮೈಲಿ ಎಂದು ರೋಮನ್ ಅಂಕಿಯಲ್ಲಿ ಕೆತ್ತಿಸಿದರು. ಫುಟ್‌ಪಾತಿನಲ್ಲಿ ಅರ್ಧ ಹೂತುಹೋಗಿದ್ದ ಕೆಲವನ್ನು ಇತ್ತೀಚಿನ ವರ್ಷಗಳಲ್ಲಿ ಮಹಾನಗರ ಪಾಲಿಕೆ ಎತ್ತಿ ನಿಲ್ಲಿಸಿದೆ. ಒಂದನೇ ಮೈಲಿಯ ಕಲ್ಲು ಕಾಲ್ಬಾದೇವಿಯಲ್ಲಿದೆ.

ಒಂದು ಮೈಲಿಗೆ 63,360 ಇಂಚು. ಅದನ್ನು 88ರಿಂದ ಭಾಗಿಸಿದರೆ ಶೇಷವಿಲ್ಲದೆ 720 ಬರುತ್ತದೆ. ಮೈಲಿಗೆ ಎಂಟು ಫರ್ಲಾಂಗು, ಹಾಗಾಗಿ ಫರ್ಲಾಂಗಿಗೆ 90 ಸುತ್ತು. ನಮ್ಮ ಅಜ್ಜಂದಿರು ದೂರ ಹೇಳುತ್ತಿದ್ದದ್ದು ಫರ್ಲಾಂಗಿನಲ್ಲೇ, ಅವರು ತುಳಿದದ್ದೂ ಇದೇ ಅಳತೆಯ ಗಾಲಿ. ಇಂದಿನ ಮಗು ಕಿಲೋಮೀಟರಿನಲ್ಲಿ ಯೋಚಿಸುತ್ತದೆ. ಅದಕ್ಕೆ ಬೇಕಾದರೆ ಕಿಲೋಮೀಟರಿಗೆ ಸುಮಾರು 447 ಸುತ್ತು. ದೇಶ ಮೆಟ್ರಿಕ್ ಪದ್ಧತಿಗೆ ಬಂದು ಅರವತ್ತು ವರ್ಷ ದಾಟಿದರೂ ಸೈಕಲ್ ಅಂಗಡಿಯಲ್ಲಿ ಗಾಲಿಯನ್ನು ಇಂಚಿನಲ್ಲೇ ಕೇಳುತ್ತೇವೆ. ಟೈರು ಇಂಚಿನಲ್ಲಿ, ರಸ್ತೆ ಕಿಲೋಮೀಟರಿನಲ್ಲಿ. ಒಂದು ಅಳತೆಯಿಂದ ಇನ್ನೊಂದಕ್ಕೆ ಬದಲಾಯಿಸುವ ಲೆಕ್ಕ ಇಲ್ಲಿ ಯಾರೋ ಕಟ್ಟಿದ ಕಥೆಯಾಗಿ ಬರುವುದಿಲ್ಲ, ಸೈಕಲಿನ ಜೊತೆಗೇ ಬರುತ್ತದೆ.

ಮಗುವಿನ ಸೈಕಲ್ 20 ಇಂಚಿನದು ಎಂದಿಟ್ಟುಕೊಳ್ಳಿ, ಅಪ್ಪನದು 28. ಎರಡೂ ಗಾಲಿಯ ವಾಲ್ವ್ ಕೆಳಗೆ ಬರುವಂತೆ ಒಂದೇ ಗೆರೆಯ ಮೇಲೆ ನಿಲ್ಲಿಸಿ, ಜೊತೆಜೊತೆಗೆ ತಳ್ಳುತ್ತಾ ಹೋದರೆ ಎರಡು ವಾಲ್ವ್‌ಗಳೂ ಮತ್ತೆ ಒಟ್ಟಿಗೆ ನೆಲದ ಕಡೆ ಬರುವುದು ಯಾವಾಗ? ಅಪ್ಪನ ಗಾಲಿ ಐದು ಸುತ್ತು, ಮಗುವಿನ ಗಾಲಿ ಏಳು ಸುತ್ತು ಮುಗಿಸಿದಾಗ. ಗೆರೆಯಿಂದ 440 ಇಂಚು ದೂರದಲ್ಲಿ. ಇದೇ ಲ.ಸಾ.ಅ. ಪುಸ್ತಕದಲ್ಲಿ ಅದು ಎರಡು ಗಂಟೆಗಳು ಯಾವಾಗ ಒಟ್ಟಿಗೆ ಬಾರಿಸುತ್ತವೆ ಎಂಬ ಪ್ರಶ್ನೆಯಾಗಿ ಬರುತ್ತದೆ. ಅಂಥ ಗಂಟೆಗಳನ್ನು ಯಾವ ಮಗುವೂ ಕೇಳಿಲ್ಲ. ‘ಪಪ್ಪಾ, ಅದಕ್ಕೇ ನಾನು ನಿಮಗಿಂತ ಜಾಸ್ತಿ ತುಳಿಯೋದು’ ಎಂದು ಮಗು ತಾನೇ ಹೇಳಿದರೆ ಅನುಪಾತದ ಅಧ್ಯಾಯ ಅರ್ಧ ಮುಗಿದ ಹಾಗೆ.

ತುಳಿಯುವ ಲೆಕ್ಕ ಇನ್ನೂ ಒಂದು ಹೆಜ್ಜೆ ಮುಂದಿನದು. ಪೆಡಲಿನ ಕಡೆಯ ದೊಡ್ಡ ಹಲ್ಲುಚಕ್ರದ ಹಲ್ಲುಗಳನ್ನು ಎಣಿಸಲು ಹೇಳಿ, ಹಿಂದಿನ ಫ್ರೀವೀಲಿನದನ್ನೂ ಎಣಿಸಲಿ. ಎಲ್ಲಿಂದ ಎಣಿಸಲು ಸುರುಮಾಡಿದೆ ಎಂದು ಗುರುತಿಟ್ಟುಕೊಳ್ಳದಿದ್ದರೆ ಎಣಿಕೆ ಸುತ್ತುತ್ತಲೇ ಇರುತ್ತದೆ. ದುಂಡಗಿನ ವಸ್ತುವನ್ನು ಎಣಿಸುವುದೇ ಒಂದು ಪಾಠ. ಮುಂದೆ 44, ಹಿಂದೆ 18 ಹಲ್ಲು ಇದ್ದರೆ ಒಂಬತ್ತು ಸಲ ತುಳಿದಾಗ ಗಾಲಿ 22 ಸುತ್ತು ತಿರುಗುತ್ತದೆ. ಒಂದು ತುಳಿತಕ್ಕೆ ಸುಮಾರು ಐದೂವರೆ ಮೀಟರ್. ಕಡ್ಡಿಗಳನ್ನೂ ಬಿಡಬೇಡಿ. ನಮ್ಮ ಹಳೆಯ ಮಾದರಿಯ ಸೈಕಲಿನಲ್ಲಿ ಮುಂದಿನ ಗಾಲಿಗೆ 32 ಕಡ್ಡಿ, ಹಿಂದಿನದಕ್ಕೆ 40. ಹಿಂದೆ ಎಂಟು ಹೆಚ್ಚು ಏಕೆ? ಸವಾರನ ಭಾರವೂ ಕ್ಯಾರಿಯರಿನ ಭಾರವೂ ಬೀಳುವುದು ಹೆಚ್ಚಾಗಿ ಹಿಂದಿನ ಗಾಲಿಯ ಮೇಲೆ. 360ನ್ನು 40ರಿಂದ ಭಾಗಿಸಿದರೆ ರಿಮ್ಮಿನ ಮೇಲೆ ಕಡ್ಡಿಗೂ ಕಡ್ಡಿಗೂ ನಡುವೆ ಒಂಬತ್ತು ಡಿಗ್ರಿ. 32ರಿಂದ ಭಾಗಿಸಿದರೆ ಹನ್ನೊಂದೂಕಾಲು. ಕೋನಮಾಪಕ ಕಂಪಾಸ್ ಪೆಟ್ಟಿಗೆಯಲ್ಲೇ ಇರಲಿ.

ಇನ್ನು ವೇಗ. ಮರೀನ್ ಡ್ರೈವಿನಲ್ಲಿ ಗಾಳಿ ಬೆನ್ನಿಗಿದ್ದಾಗ ಮೂರು ಕಿಲೋಮೀಟರ್ ದೂರವನ್ನು ಗಂಟೆಗೆ 15 ಕಿಲೋಮೀಟರ್ ವೇಗದಲ್ಲಿ ಹೋಗಿ, ವಾಪಸು ಬರುವಾಗ ಗಾಳಿ ಎದುರಾಗಿ ಹತ್ತಕ್ಕೆ ಇಳಿದರೆ ಸರಾಸರಿ ಎಷ್ಟು? ದೊಡ್ಡವರನ್ನೇ ಕೇಳಿ ನೋಡಿ, ಹನ್ನೆರಡೂವರೆ ಎನ್ನುತ್ತಾರೆ. ಹೋಗಲು 12 ನಿಮಿಷ, ಬರಲು 18 ನಿಮಿಷ. ಒಟ್ಟು ಆರು ಕಿಲೋಮೀಟರಿಗೆ ಅರ್ಧ ಗಂಟೆ, ಅಂದರೆ ಗಂಟೆಗೆ 12. ನಿಧಾನವಾಗಿ ಹೋಗುವಾಗ ಹೆಚ್ಚು ಹೊತ್ತು ಹಿಡಿಯುತ್ತದೆ, ಆದ್ದರಿಂದ ಸರಾಸರಿಯನ್ನು ಆ ನಿಧಾನವೇ ಕೆಳಗೆ ಎಳೆಯುತ್ತದೆ. ಎದುರುಗಾಳಿಯಲ್ಲಿ ತೊಡೆ ನೋಯಿಸಿಕೊಂಡ ಮಗುವಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಸಿಗ್ನಲ್ಲುಗಳೂ ಇದನ್ನೇ ಕಲಿಸುತ್ತವೆ. ಸಿಎಸ್‌ಎಂಟಿಯಿಂದ ಡಿ.ಎನ್. ರೋಡಿನಲ್ಲಿ ಹುತಾತ್ಮ ಚೌಕಕ್ಕೆ ಸುಮಾರು ಒಂದು ಕಿಲೋಮೀಟರ್. ಗಂಟೆಗೆ 12ರಂತೆ ಹೋದರೆ ಐದು ನಿಮಿಷ ಸಾಕು. ನಡುವೆ ಕೆಂಪು ದೀಪಕ್ಕೆ ನಿಂತು ಎಂಟು ನಿಮಿಷವಾದರೆ ಸರಾಸರಿ ಏಳೂವರೆಗೆ ಇಳಿಯಿತು. ಮುಂದೆ ಕಾರಿನಲ್ಲಿ ಕುಳಿತು ಗಂಟೆಗೆ 80ರ ವೇಗದ ಮಾತಾಡುವವರಿಗೂ ಈ ಲೆಕ್ಕ ಬೇಕಾಗುತ್ತದೆ.

ಲೆಕ್ಕವನ್ನು ಸೈಕಲಿನ ಮೇಲೆ ಹೇರಿಕೊಂಡು ಓಡಾಡುವವರು ಈ ಊರಿನಲ್ಲಿ ತಲೆಮಾರುಗಳಿಂದ ಇದ್ದಾರೆ. ಚರ್ಚ್‌ಗೇಟ್ ಹೊರಗೆ ಡಬ್ಬಾವಾಲಾಗಳು ಊಟದ ಡಬ್ಬಿಗಳನ್ನು ವಿಂಗಡಿಸುವುದನ್ನು ಮಕ್ಕಳಿಗೆ ಒಮ್ಮೆ ತೋರಿಸಬೇಕು. ಮುಚ್ಚಳದ ಮೇಲಿನ ಬಣ್ಣ, ಅಕ್ಷರ, ಅಂಕಿಗಳಲ್ಲಿ ಡಬ್ಬಿ ಎಲ್ಲಿಂದ ಬಂತು, ಯಾವ ಸ್ಟೇಷನ್ನಿನಲ್ಲಿ ಇಳಿಯಬೇಕು, ಯಾವ ಕಟ್ಟಡದ ಎಷ್ಟನೇ ಮಾಳಿಗೆ ಎಂಬುದೆಲ್ಲ ಇರುತ್ತದೆ. ಸೈಕಲಿಗೆ ನೇತುಹಾಕುವಾಗ ಎಡ ಬಲ ಸಮ ತೂಗಬೇಕು. ಎಡಕ್ಕೆ 17 ಡಬ್ಬಿ, ಬಲಕ್ಕೆ 21 ಆದರೆ ಎಷ್ಟನ್ನು ಈಚೆಗೆ ಹಾಕಬೇಕು ಎಂದು ಕೇಳಿ. ನಾಲ್ಕು ಎಂದು ಮಗು ಥಟ್ಟನೆ ಹೇಳುತ್ತದೆ. ತಿದ್ದಲು ಹೋಗಬೇಡಿ, ನಾಲ್ಕು ತೆಗೆದು ಈಚೆ ಹಾಕಿದರೆ ಎಡಕ್ಕೆ 21, ಬಲಕ್ಕೆ 17, ಸೈಕಲ್ ಈಗ ಇನ್ನೊಂದು ಕಡೆಗೆ ವಾಲುತ್ತದೆ. ಎರಡು ಸಾಕು, ವ್ಯತ್ಯಾಸದ ಅರ್ಧ. ಆ ಅರ್ಧ ಎಲ್ಲಿಂದ ಬಂತು ಎಂದು ಮಗು ಒಂದು ಗಳಿಗೆ ಯೋಚಿಸಲಿ.

ಊರ ಕಡೆ ಬಾಡಿಗೆ ಸೈಕಲಿನಲ್ಲಿ ಕಲಿತ ಹಿರಿಯರಿಗೆ ಇದು ಹೊಸತೇನಲ್ಲ. ಸೀಟಿಗೆ ಕಾಲೆಟುಕದೆ ಬಾರಿನ ಕೆಳಗೆ ಕಾಲು ತೂರಿಸಿ ಒಳಪೆಡಲು ತುಳಿಯುತ್ತಿದ್ದ ಕಾಲ. ಗಂಟೆಗೆ ಐವತ್ತು ಪೈಸೆ ಇದ್ದರೆ ಇಪ್ಪತ್ತು ನಿಮಿಷಕ್ಕೆ ಎಷ್ಟು, ಇಬ್ಬರು ಸೇರಿ ತೆಗೆದುಕೊಂಡರೆ ಒಬ್ಬನಿಗೆ ಎಷ್ಟು ಹೊತ್ತು, ಹತ್ತೂಕಾಲಿಗೆ ಒಯ್ದದ್ದನ್ನು ಹನ್ನೊಂದರ ಒಳಗೆ ತಂದರೆ ಎಷ್ಟು ಉಳಿಯಿತು: ಇವನ್ನೆಲ್ಲ ಅಂಗಡಿಯವನ ಗೋಡೆಗಡಿಯಾರ ನೋಡುತ್ತಲೇ ಬಾಯಲ್ಲಿ ಹೇಳಬೇಕಿತ್ತು. ಮನೆಯಲ್ಲಿ ಕಾಲು, ಅರೆ, ಮುಕ್ಕಾಲಿನ ಮಗ್ಗಿಗಳನ್ನು ಕಂಠಪಾಠ ಮಾಡಿಸುತ್ತಿದ್ದರು. ಮರಾಠಿ ಮನೆಗಳಲ್ಲಿ ಪಾವಕಿ, ನಿಮಕಿ, ಪಾವುಣಕಿ. ಮಗ್ಗಿ ಬಾಯಿಗೆ ಬಂದದ್ದು ಮನೆಯಲ್ಲಿ, ಅದರ ಉಪಯೋಗ ಗೊತ್ತಾದದ್ದು ಸೈಕಲ್ ಅಂಗಡಿಯ ಮುಂದೆ.

ಹಾಗೆಂದು ಮಕ್ಕಳನ್ನು ಬೀದಿಗೆ ಬಿಟ್ಟರೆ ಗಣಿತ ತಾನಾಗಿ ಬರುತ್ತದೆ ಎಂದು ಹೇಳುವಂತಿಲ್ಲ. 1985ರಲ್ಲಿ ಬ್ರೆಜಿಲಿನ ರೆಸೀಫೆ ನಗರದಲ್ಲಿ ಬೀದಿ ವ್ಯಾಪಾರ ಮಾಡುತ್ತಿದ್ದ ಐದು ಮಕ್ಕಳ ಅಧ್ಯಯನವೊಂದು ಪ್ರಕಟವಾಯಿತು. ವ್ಯಾಪಾರದ ನಡುವೆ ಕೇಳಿದ ಲೆಕ್ಕಗಳಲ್ಲಿ ಶೇಕಡ 98 ಸರಿ. ಅಂಥವೇ ಲೆಕ್ಕಗಳನ್ನು ಬರೀ ಅಂಕಿಗಳಲ್ಲಿ ಕೊಟ್ಟಾಗ ಸರಿಯಾದದ್ದು ಶೇಕಡ 37 ಮಾತ್ರ. 2025ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಅಧ್ಯಯನ ನಮ್ಮ ದೇಶದ್ದೇ. ಮುಂಬಯಿಯಲ್ಲಿ ಹುಟ್ಟಿದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರು ಕೋಲ್ಕತ್ತಾ, ದೆಹಲಿಯ ಮಾರುಕಟ್ಟೆಗಳಲ್ಲಿ ಕೆಲಸ ಮಾಡುವ ಮಕ್ಕಳನ್ನು ನೋಡಿದರು. ಗಿರಾಕಿಗೆ ತೂಕ, ದರ, ಚಿಲ್ಲರೆಯನ್ನು ಮನಸ್ಸಿನಲ್ಲೇ ಲೆಕ್ಕ ಹಾಕುವ ಮಕ್ಕಳು ಶಾಲೆಯ ರೀತಿಯ ಲೆಕ್ಕದ ಮುಂದೆ ತಡವರಿಸಿದರು. ಮಾರುಕಟ್ಟೆ ಕಾಣದ ಶಾಲಾಮಕ್ಕಳು ಶಾಲೆಯ ಲೆಕ್ಕ ಮಾಡಿದರು, ಮಾರುಕಟ್ಟೆಯ ಲೆಕ್ಕದಲ್ಲಿ ಎಡವಿದರು. ಇಲ್ಲೇ ಮಾನ್‌ಖುರ್ದ್‌ನ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರದ ಅರಿಂದಮ್ ಬೋಸ್ ಮತ್ತು ಕೆ. ಸುಬ್ರಮಣಿಯಂ, ಧಾರಾವಿಯ ಗೃಹೋದ್ಯಮ, ಕೈಗಾರಿಕೆಗಳ ನಡುವೆ ಬೆಳೆಯುವ ಮಕ್ಕಳಿಗೆ ಅಳತೆಯ ಎಷ್ಟೆಲ್ಲ ತಿಳಿವಳಿಕೆ ಇರುತ್ತದೆ ಎಂಬುದನ್ನು ವರ್ಷಗಟ್ಟಲೆ ದಾಖಲಿಸಿದ್ದಾರೆ.

ಮುಂಬಯಿ ಕನ್ನಡಿಗರಿಗೆ ಈ ಕಥೆ ಪರಿಚಿತ. ಮೊಗವೀರ ಸಮಾಜದವರು 1908ರಲ್ಲೇ ರಾತ್ರಿಶಾಲೆ ತೆರೆದರು. ಆಮೇಲೆ ಫೋರ್ಟಿನಲ್ಲೂ ಊರಿನ ಬೇರೆ ಕಡೆಗಳಲ್ಲೂ ಕನ್ನಡ ರಾತ್ರಿಶಾಲೆಗಳು ನಡೆದವು. ಕಲಿಯಲು ಬರುತ್ತಿದ್ದವರು ಹಗಲು ಹೋಟೆಲಿನಲ್ಲಿ, ಕ್ಯಾಂಟೀನಿನಲ್ಲಿ ದುಡಿದ ಹುಡುಗರು. ಇಡ್ಲಿ, ವಡೆ, ಚಾಯದ ಬಿಲ್ಲನ್ನು ಮೇಜಿನ ಪಕ್ಕ ನಿಂತು ಬಾಯಲ್ಲೇ ಕೂಡಿಸಿ ಗಲ್ಲೆಗೆ ಕೂಗಿ ಹೇಳುತ್ತಿದ್ದವನು ರಾತ್ರಿ ಕರಿಹಲಗೆಯ ಮುಂದೆ ಭಿನ್ನರಾಶಿಗೆ ಬೆವರುತ್ತಿದ್ದ. ಅವನಲ್ಲಿ ಲೆಕ್ಕವಿತ್ತು, ಅದನ್ನು ಕಾಗದದ ಮೇಲೆ ಇಳಿಸುವ ದಾರಿ ಇರಲಿಲ್ಲ. ಆ ದಾರಿಯನ್ನು ಕಲಿಸುವವರೇ ಮಾಡಿಕೊಡಬೇಕು.

ಆದ್ದರಿಂದ ಸೈಕಲಿನ ಲೆಕ್ಕ ಸೈಕಲಿನ ಮೇಲೆಯೇ ಮುಗಿಯಬಾರದು. ಇಳಿದ ಮೇಲೆ ಐದು ನಿಮಿಷ ಕುಳಿತು, ಅಳೆದದ್ದನ್ನು ಮಗು ತನ್ನ ಅಕ್ಷರದಲ್ಲಿ ಬರೆಯಲಿ: ಊಹೆ ಎಷ್ಟು, ಅಳತೆ ಎಷ್ಟು, ಲೆಕ್ಕ ಎಷ್ಟು. ಮೂರು ಸಾಲು, ನಡುವಿನ ಅಂತರ, ಅದಕ್ಕೆ ಕಾರಣ. ಆಮೇಲೆ ಇದೇ ಲೆಕ್ಕ ಪಠ್ಯಪುಸ್ತಕದ ಯಾವ ಪುಟದಲ್ಲಿದೆ ಎಂದು ಹುಡುಕಿ ತೋರಿಸಲಿ. ಒಂದು ಸವಾರಿಗೆ ಒಂದೇ ಪ್ರಶ್ನೆ ಸಾಕು. ಹತ್ತು ಪ್ರಶ್ನೆ ಕೇಳಿದರೆ ಸೈಕಲ್ ಸವಾರಿಯೂ ಟ್ಯೂಷನ್ನಿನ ಕಹಿಗುಳಿಗೆಯಾಗುತ್ತದೆ, ಮುಂದಿನ ರವಿವಾರ ಮಗು ಹೊಟ್ಟೆನೋವು ಎನ್ನುತ್ತದೆ. ವಾಹನ ಓಡಾಡುವ ರಸ್ತೆಯಲ್ಲಂತೂ ಒಂದೂ ಬೇಡ. ಅಲ್ಲಿ ಕಣ್ಣು, ಕಿವಿ, ಬ್ರೇಕು ಮಾತ್ರ.

ಕರ್ನಾಟಕ ಸರ್ಕಾರ 2006-07ರಿಂದ ಹಲವು ವರ್ಷ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಟ್ಟಿತು. ಹಳ್ಳಿಯ ಲಕ್ಷಾಂತರ ಹೆಣ್ಣುಮಕ್ಕಳು ಪ್ರೌಢಶಾಲೆಗೆ ಹೋದದ್ದು ಆ ಸೈಕಲಿನ ಮೇಲೆ. ಆ ದಿನಗಳ ಒಂದು ಶಾಲೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಅಂಗಳದಲ್ಲಿ ಒಂದೇ ಬಣ್ಣದ ಸೈಕಲುಗಳು ಸಾಲಾಗಿ ನಿಂತಿವೆ. ಒಳಗೆ ಗಣಿತದ ಮೇಷ್ಟ್ರು ಕರಿಹಲಗೆಯ ಮೇಲೆ ಸೊಟ್ಟಗೆ ವೃತ್ತ ಬರೆದು, ತ್ರಿಜ್ಯ 14 ಸೆಂಟಿಮೀಟರ್ ಎಂದುಕೊಳ್ಳಿ ಎನ್ನುತ್ತಿದ್ದಾರೆ. ಹದಿನಾಲ್ಕೇ ಏಕೆ, ಯಾವುದರ ತ್ರಿಜ್ಯ ಎಂದು ಯಾರೂ ಕೇಳುವುದಿಲ್ಲ. ಹೊರಗಿನದನ್ನು ಒಂದು ಪೀರಿಯಡ್ ಒಳಗೆ ತರಲು ಸುತ್ತೋಲೆ ಬೇಕಿರಲಿಲ್ಲ, ಅನುದಾನವೂ ಬೇಕಿರಲಿಲ್ಲ. ತಂದ ಮೇಷ್ಟ್ರುಗಳು ಅಲ್ಲಲ್ಲಿ ಖಂಡಿತ ಇದ್ದಿರುತ್ತಾರೆ. ಅವರ ವಿದ್ಯಾರ್ಥಿಗಳಿಗೆ ಆ ಪೀರಿಯಡ್ ಇಂದಿಗೂ ನೆನಪಿರುತ್ತದೆ.

ನಿತ್ಯದ ಗಣಿತ ಎಂದಾಗ ನಾವು ಅಂಗಡಿಯ ಚಿಲ್ಲರೆಯನ್ನೇ ನೆನೆಯುತ್ತೇವೆ. ಫೋನಿನಲ್ಲಿ ಸ್ಕ್ಯಾನ್ ಮಾಡಿ ಹಣ ಕೊಡುವ ಮನೆಗಳ ಮಕ್ಕಳು ಈಗ ಚಿಲ್ಲರೆಯನ್ನೇ ಕಾಣುವುದಿಲ್ಲ. ಸೈಕಲ್ ಇನ್ನೂ ಉಳಿದಿದೆ. ಅದರಲ್ಲಿ ಮಗುವಿನ ಮೈ ಲೆಕ್ಕದ ಒಳಗಿರುತ್ತದೆ, ಉತ್ತರ ಸರಿಯೇ ತಪ್ಪೇ ಎಂದು ಹೇಳಲು ಕೆಂಪು ಪೆನ್ನಿನವರು ಬೇಕಾಗುವುದಿಲ್ಲ. ನಮ್ಮ ಶಾಲೆಗಳಲ್ಲಿ ಮಕ್ಕಳು ಉತ್ತರ ಬರೆದ ಕೂಡಲೇ ಮೇಷ್ಟ್ರ ಮುಖ ನೋಡುತ್ತಾರೆ. ಸೈಕಲಿನ ಲೆಕ್ಕದಲ್ಲಿ ನೋಡಬೇಕಾದ್ದು ಚಾಕ್‌ಪೀಸಿನ ಗೆರೆಯನ್ನು.

ಈ ಅಭ್ಯಾಸದ ಬೆಲೆ ಫೋರ್ಟಿನಲ್ಲಿ ಕೆಲಸ ಮಾಡುವವರಿಗೆ ಬೇಗ ಅರ್ಥವಾದೀತು. ರಿಸರ್ವ್ ಬ್ಯಾಂಕು, 1875ರಲ್ಲಿ ಹುಟ್ಟಿದ ಶೇರುಪೇಟೆ, ವಿಮಾ ಕಂಪನಿಗಳೆಲ್ಲ ಇರುವ ಈ ಒಂದು ಚದರ ಮೈಲಿಯಲ್ಲಿ ದಿನವಿಡೀ ಅಂಕಿಗಳನ್ನು ಹೇಳುವವರು ಸಾವಿರ ಮಂದಿ, ಕೇಳಿ ತಲೆಯಾಡಿಸುವವರು ಲಕ್ಷ ಮಂದಿ. ಸಾಲದ ಕಂತು, ಫ್ಲ್ಯಾಟಿನ ಕಾರ್ಪೆಟ್ ಏರಿಯಾ, ವರ್ಷಕ್ಕೆ ಇಷ್ಟು ಶೇಕಡ ಖಚಿತ ಎಂಬ ಆಸೆ. ಇವುಗಳ ಮುಂದೆ ನಮ್ಮವರು ಸೋಲುವುದು ಗುಣಾಕಾರ ಬಾರದೆ ಅಲ್ಲ. ಬೇರೆಯವರು ಹೇಳಿದ ಲೆಕ್ಕವನ್ನು ಒಮ್ಮೆ ತಾನೇ ಅಳೆದು ನೋಡುತ್ತೇನೆ ಎನ್ನುವ ರೂಢಿಯೇ ಇಲ್ಲ. ಪುಸ್ತಕದ 88ನ್ನೂ ಟೇಪು ಹಿಡಿದು ಪರೀಕ್ಷಿಸಿದ ಮಗು, ಮುಂದೆ ಬಿಲ್ಡರನ ಚದರಡಿಯನ್ನೂ ಟೇಪು ಹಿಡಿದು ನೋಡೀತು. ಅದಕ್ಕೆ ಬೇಕಾದ ಸಾಮಾನು ಈಗ ನಿಮ್ಮ ಮನೆಯಲ್ಲೇ ಇದೆ: ಒಂದು ಸೈಕಲ್, ಒಂದು ತುಂಡು ಚಾಕ್‌ಪೀಸು, ದರ್ಜಿಯ ಟೇಪು, ಮತ್ತು ಉತ್ತರವನ್ನು ಬಾಯಿಬಿಡದೆ ಹತ್ತು ನಿಮಿಷ ಸುಮ್ಮನಿರಬಲ್ಲ ಒಬ್ಬ ದೊಡ್ಡವರು. ಮೊದಲ ಮೂರು ಸುಲಭವಾಗಿ ಸಿಗುತ್ತವೆ.